ದಾವಣಗೆರೆಯ ಉರುಳುಗಾಲಿ: ರಿಂಗ್ ಗಟ್ಟಿ, ಒಳಹಾಸು ಸಾಲದು

ಮಗು ಒಳಗೆ ಅಂಬೆಗಾಲಿಟ್ಟು ಮುಂದೆ ಹೋದರೆ ತಾನೂ ಮುಂದೆ ಉರುಳುವ, ಮಗು ಸುಮ್ಮನೆ ಕೂತರೆ ತಾನೂ ನಿಲ್ಲುವ ಒಂದು ದೊಡ್ಡ ಗಾಲಿ ದಾವಣಗೆರೆಯ ಫ್ಯಾಬ್ರಿಕೇಷನ್ ವರ್ಕ್‌ಶಾಪೊಂದರಲ್ಲಿ ಆರ್ಡರ್ ಕೊಟ್ಟರೆ ಸಿಗುತ್ತದೆ. ಮೋಟಾರಿಲ್ಲ, ಬ್ಯಾಟರಿಯಿಲ್ಲ, ಪೆಡಲ್ಲೂ ಇಲ್ಲ. ಎರಡು ರಿಂಗು, ಅವುಗಳ ನಡುವೆ 12 ಅಡ್ಡಪೈಪು, ಅದರ ಮೇಲೆ ನವಾರಿನ ಹಾಸು, ಇಷ್ಟೇ ಸರಂಜಾಮು. ಬೆಲೆ 5,200 ರೂಪಾಯಿ. 4ರಿಂದ 8 ವರ್ಷದ ಮಕ್ಕಳಿಗೆ ಅಂತ ಮಾಡಿದ್ದು.

ಹಳೇ ಟೈರಿಗೆ ಕೋಲು ಕೊಟ್ಟು ಓಡಿಸುವ ಆಟ ಈ ಕಡೆ ಎಲ್ಲರಿಗೂ ಗೊತ್ತು. ನೀಲಿ ಡ್ರಮ್ಮಿನೊಳಗೆ ಹೊಕ್ಕು ಉರುಳುವ ಆಟವೂ ಹೊಸದಲ್ಲ. ಆದರೆ 200 ಲೀಟರಿನ ಡ್ರಮ್ಮಿನ ವ್ಯಾಸ 58 ಸೆಂ.ಮೀ. ಆಸುಪಾಸು. ಅದರೊಳಗೆ ಮಗು ಮಲಗಿ ಹೊರಳಬಹುದೇ ಹೊರತು ಕೈಕಾಲು ಊರಿ ನಡೆಯಲಾಗದು. ಮೇಲಾಗಿ ಆ ಡ್ರಮ್ಮಿನಲ್ಲಿ ಮೊದಲು ಏನು ತುಂಬಿತ್ತು ಅನ್ನುವುದು ಮಾರುವವರಿಗೂ ಗೊತ್ತಿರುವುದಿಲ್ಲ. ಆಸಿಡ್, ಕೀಟನಾಶಕ, ಬಣ್ಣದ ರಾಸಾಯನಿಕ ಏನಾದರೂ ಇದ್ದಿರಬಹುದು. ತೊಳೆದ ಮಾತ್ರಕ್ಕೆ ಅದು ಮಕ್ಕಳ ಆಟಕ್ಕೆ ಆಗುವುದಿಲ್ಲ. ಅದಕ್ಕೆ ಹೋಲಿಸಿದರೆ ಈ ಗಾಲಿ ಬೇರೆಯದೇ ದರ್ಜೆಯ ವಸ್ತು. ಎರಡು ರಿಂಗಿಗೆ ಅಡ್ಡಪಟ್ಟಿ ಹಾಕುವ ಕಟ್ಟು 1925ರಲ್ಲಿ ಜರ್ಮನಿಯ ಓಟೋ ಫೈಕ್ ರೂಪಿಸಿದ ಕಸರತ್ತಿನ ಚಕ್ರದ ಕಾಲದಿಂದ ಪಳಗಿದ್ದು. ಅಲ್ಲಿ ದೊಡ್ಡವರು ಕೈಕಾಲು ಚಾಚಿ ತಲೆಕೆಳಗಾಗಿ ತಿರುಗುತ್ತಾರೆ. ಇಲ್ಲಿ ಮಗು ಯಾವಾಗಲೂ ಗಾಲಿಯ ತಳದಲ್ಲೇ ಇರುತ್ತದೆ, ತಿರುಗುವುದು ಗಾಲಿ ಮಾತ್ರ.

ಈ ವ್ಯತ್ಯಾಸವೇ ಈ ಆಟಿಕೆಯ ಜೀವ. ಮಗು ತನ್ನ ಭಾರವನ್ನು ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಒಂದಿಷ್ಟು ಮುಂದಕ್ಕೆ ಒಯ್ದರೆ ಗಾಲಿ ಆ ಭಾರಕ್ಕೆ ಬಾಗಿ ಉರುಳುತ್ತದೆ. ನಿಂತರೆ ತೊಟ್ಟಿಲಿನ ಹಾಗೆ ಎರಡು ಸಲ ಹಿಂದೆ ಮುಂದೆ ತೂಗಿ ತಾನೇ ನಿಲ್ಲುತ್ತದೆ. ಸಮತಟ್ಟಾದ ನೆಲದಲ್ಲಿ ಮಗುವಿನ ಕೈಕಾಲಿನ ವೇಗವನ್ನು ಗಾಲಿ ಮೀರುವುದಿಲ್ಲ. ಬ್ರೇಕು ಬೇಕಿಲ್ಲದ ಆಟಿಕೆ ಅಂದರೆ ಇದೇ. ಅಂಗೈ, ಮೊಣಕಾಲು, ಭುಜ, ಹೊಟ್ಟೆಯ ಸ್ನಾಯು ಎಲ್ಲಕ್ಕೂ ಕೆಲಸ. ಹತ್ತು ನಿಮಿಷ ಆಡಿದ ಮಗು ಬೆವರಿ ಹೊರಗೆ ಬರುತ್ತದೆ. ಕೂರಿಸಿ ದೂಡುವ ಆಟಿಕೆಗಳಿಂದ ಇದು ಆಗುವುದಿಲ್ಲ.

ಮೊದಲು ಅಳತೆ. ರಿಂಗಿನ ಹೊರವ್ಯಾಸ 100 ಸೆಂ.ಮೀ. ಪೈಪ್ 50 ಮಿ.ಮೀ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, ಬೋರ್‌ವೆಲ್ಲಿಗೆ, ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಸುರುಳಿ ಸುರುಳಿಯಾಗಿ ಹೋಗುತ್ತದಲ್ಲ, ಅದೇ ಕಪ್ಪು ಪೈಪು. ಸುರುಳಿಯಲ್ಲಿ ಬರುವುದರಿಂದ ಅದಕ್ಕೆ ಮೊದಲೇ ಬಾಗು ಇರುತ್ತದೆ, ರಿಂಗಾಗಲು ಹೆಣಗುವುದಿಲ್ಲ. ಒಂದು ರಿಂಗಿಗೆ 298 ಸೆಂ.ಮೀ. ಪೈಪ್ ಹಿಡಿಯುತ್ತದೆ. ಒಟ್ಟು ಅಗಲ 50 ಸೆಂ.ಮೀ., ಎರಡು ಪೈಪಿನ ದಪ್ಪ ಕಳೆದರೆ ಒಳಗೆ ಉಳಿಯುವುದು 40. ಅಡ್ಡಪೈಪುಗಳು 25 ಮಿ.ಮೀ. ದಪ್ಪದ 16 ಗೇಜ್ ಕಬ್ಬಿಣದವು, ತಲಾ 40 ಸೆಂ.ಮೀ. ಉದ್ದ. ಇಡೀ ಗಾಲಿಯ ತೂಕ ಸುಮಾರು 10 ಕೆ.ಜಿ. ಒಂದು ಸುತ್ತು ಉರುಳಿದರೆ 3 ಮೀಟರ್ 14 ಸೆಂ.ಮೀ. ದಾರಿ.

ವರ್ಕ್‌ಶಾಪಿನವರ ಕೈಚಳಕ ಕಾಣುವುದು ರಿಂಗಿನ ಜೋಡಣೆಯಲ್ಲಿ. ಎಚ್‌ಡಿಪಿಇಗೆ ಪಿವಿಸಿ ಗಮ್ ಹಿಡಿಯುವುದಿಲ್ಲ. ಎರಡು ತುದಿಯನ್ನೂ ಸುಮಾರು 220 ಡಿಗ್ರಿ ಕಾದ ತಟ್ಟೆಗೆ ಒತ್ತಿ ಕರಗಿಸಿ, ತಟ್ಟೆ ತೆಗೆದ ಕೂಡಲೇ ಒಂದಕ್ಕೊಂದು ಒತ್ತಿ ಹಿಡಿಯಬೇಕು. ತಡಮಾಡಿದರೆ ಮೇಲ್ಮೈ ಆರಿ ಜೋಡಣೆ ಹುಸಿಯಾಗುತ್ತದೆ, ಹೊರಗಿಂದ ನೋಡಿದರೆ ಅಂಟಿದ ಹಾಗೇ ಕಾಣುತ್ತದೆ. ಸರಿಯಾಗಿ ಕೂಡಿದ ಜಾಗದಲ್ಲಿ ಎರಡು ತುಟಿ ಹೊರಳಿಕೊಂಡ ಹಾಗೆ ಒಂದೇ ದಪ್ಪದ ಎರಡು ಉಬ್ಬು ಪೈಪಿನ ಸುತ್ತ ಬರುತ್ತದೆ. ನಾವು ನೋಡಿದ ಗಾಲಿಯ ಎರಡೂ ಕೂಡುಗಳಲ್ಲಿ ಉಬ್ಬು ಸಮನಾಗಿತ್ತು, ನಡುವಿನ ಗೆರೆ ಆಳವಾಗಿರಲಿಲ್ಲ. ಉಬ್ಬನ್ನು ಹಾಗೇ ಬಿಟ್ಟರೆ ಪ್ರತಿ ಸುತ್ತಿಗೊಮ್ಮೆ ನೆಲಕ್ಕೆ ಟಕ್ ಎಂದು ಬಡಿಯುತ್ತದೆ. ಅದಕ್ಕೆ ಚೂರಿಯಿಂದ ಕೆತ್ತಿ ನುಣುಪು ಮಾಡಿಕೊಡುತ್ತಾರೆ. ಆ ಕೆತ್ತಿದ ಎಳೆಯನ್ನು ಎಸೆಯದೆ ನಿಮ್ಮ ಕೈಗೆ ಕೊಡಲು ಕೇಳಿ. ಅದನ್ನು ಹಿಂದಕ್ಕೆ ಮಡಚಿದಾಗ ನಡುಗೆರೆಯ ಉದ್ದಕ್ಕೂ ಬಿರುಕು ಬಿಟ್ಟರೆ ಒಳಗಿನ ಕೂಡೂ ಹಾಗೇ ಇದೆ ಅಂತ ಅರ್ಥ. ಬಿರುಕಿಲ್ಲದೆ ಬಾಗಿದರೆ ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಕೆಲವರು ಅಗ್ಗಕ್ಕೆ ಪೈಪಿನೊಳಗೆ ಮರದ ಗೂಟ ಬಡಿದು ಸ್ಕ್ರೂ ಹಾಕಿ ಕೊಡುತ್ತಾರೆ. ಅಂಥದ್ದು ಒಂದು ಮಳೆಗಾಲಕ್ಕೆ ಉಬ್ಬಿ ಸಡಿಲವಾಗುತ್ತದೆ, ಬೇಡವೇ ಬೇಡ. ಇನ್ನೊಂದು ಮಾತು: ಎರಡು ರಿಂಗಿನ ಕೂಡು ಒಂದೇ ಅಡ್ಡಪೈಪಿನ ಎದುರುಬದುರು ಬರಬಾರದು. ಇಲ್ಲಿ ಒಂದರ ಕೂಡು ಮೇಲಿದ್ದಾಗ ಇನ್ನೊಂದರದ್ದು ಕೆಳಗೆ ಬರುವ ಹಾಗೆ ಇಟ್ಟಿದ್ದಾರೆ, ಒಳ್ಳೆಯ ಕೆಲಸ.

ಗಾಲಿ ನೇರ ಹೋಗುತ್ತದೋ ಇಲ್ಲವೋ ಅನ್ನುವುದು ಎರಡು ರಿಂಗಿನ ಅಳತೆ ಎಷ್ಟು ಸಮ ಇದೆ ಅನ್ನುವುದರ ಮೇಲೆ ನಿಂತಿದೆ. ಒಂದು ರಿಂಗ್ ದೊಡ್ಡದಾದರೆ ಕೊಳವೆಯ ಬದಲು ಶಂಖಾಕೃತಿ ಆಯಿತು, ಅದು ಸುತ್ತು ಹೊಡೆಯುತ್ತದೆ. ಇದನ್ನು ಹಿಡಿಯಲು ಯಂತ್ರ ಬೇಡ. ಹೂ ಕಟ್ಟುವ ದಾರ ತಗೊಂಡು ಒಂದೊಂದು ರಿಂಗಿನ ಹೊರಸುತ್ತು ಅಳೆಯಿರಿ. ಈ ಅಗಲದ ಗಾಲಿಯಲ್ಲಿ ಸುತ್ತಳತೆ 1 ಸೆಂ.ಮೀ. ಹೆಚ್ಚುಕಮ್ಮಿ ಇದ್ದರೆ 10 ಮೀಟರ್ ಉರುಳುವಷ್ಟರಲ್ಲಿ ಸುಮಾರು 35 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. 3 ಸೆಂ.ಮೀ. ಇದ್ದರೆ 1 ಮೀಟರಿಗಿಂತ ಜಾಸ್ತಿ. ಅರ್ಧ ಸೆಂ.ಮೀ. ಒಳಗಿದ್ದರೆ ಒಪ್ಪಿಕೊಳ್ಳಿ. ಅಳೆಯುವಾಗ ಗಾಲಿ ಪೂರ್ತಿ ನೆರಳಲ್ಲಿರಲಿ. 3 ಮೀಟರ್ ಸುತ್ತಳತೆಯ ಎಚ್‌ಡಿಪಿಇ 20 ಡಿಗ್ರಿ ಬಿಸಿಯೇರಿದರೆ ಸುಮಾರು 1 ಸೆಂ.ಮೀ. ಹಿಗ್ಗುತ್ತದೆ. ಒಂದು ರಿಂಗ್ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇಟ್ಟು ಅಳೆದರೆ ಇಲ್ಲದ ದೋಷ ಕಾಣುತ್ತದೆ.

ಇಲ್ಲಿವರೆಗೆ ಮೆಚ್ಚಿಗೆ. ಇನ್ನು ಒಳಹಾಸಿನ ವಿಷಯ, ಇಲ್ಲಿ ವರ್ಕ್‌ಶಾಪಿನವರು ಎಡವಿದ್ದಾರೆ.

12 ಅಡ್ಡಪೈಪುಗಳ ನಡುವಿನ ಕಂಡಿ ಸುಮಾರು 22 ಸೆಂ.ಮೀ. ಮಕ್ಕಳ ಆಟದ ಸಲಕರಣೆಗಳಲ್ಲಿ 9ರಿಂದ 23 ಸೆಂ.ಮೀ. ನಡುವಿನ ಕಂಡಿಗೆ ಭಯಪಡಬೇಕು ಅನ್ನುವುದು ಬಹಳ ದಿನದ ಅನುಭವದಿಂದ ಬಂದ ನಿಯಮ. ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ನವಾರಿನ ಹಾಸು ಅಲಂಕಾರಕ್ಕಲ್ಲ, ರಕ್ಷಣೆಗೆ. ಅದು ಬಿಚ್ಚಿಹೋದರೆ ಗಾಲಿ ಆಡಲು ಯೋಗ್ಯವಲ್ಲ.

ಹಾಸಿಗೆ ಬಳಸಿರುವುದು ಮಂಚಕ್ಕೆ ನೇಯುವ 2 ಇಂಚಿನ ನೈಲಾನ್ ನವಾರು. ಹತ್ತಿಯದಕ್ಕಿಂತ ಇದೇ ವಾಸಿ, ಒದ್ದೆಯಾದರೂ ಕೊಳೆಯುವುದಿಲ್ಲ. ಪಟ್ಟಿಗಳು ಗಾಲಿಯ ಸುತ್ತ ಬಳೆಯ ಹಾಗೆ ಹೋಗುತ್ತವೆ. ಒಳಗಿನ 40 ಸೆಂ.ಮೀ. ಅಗಲಕ್ಕೆ 5 ಸೆಂ.ಮೀ.ನ 8 ಪಟ್ಟಿ ಬೇಕು. ಇಲ್ಲಿ ಹಾಕಿರುವುದು 7. ಉಳಿದ 5 ಸೆಂ.ಮೀ. ಎಂಟು ಸಂದಿಗಳಿಗೆ ಹಂಚಿಹೋಗಿ ಒಂದೊಂದು ಸಂದಿ 6 ಮಿ.ಮೀ. ಆಗಿದೆ. ಮಗುವಿನ ಬೆರಳು ಒಳಗೆ ಹೋಗಿ ವಾಪಸ್ ಬರಲು ಒದ್ದಾಡುವುದು ಸರಿಯಾಗಿ ಇಂಥ ಸಂದಿಯಲ್ಲೇ. ಆಟಿಕೆ ಸುರಕ್ಷತೆಯ ಮಾನದಂಡಗಳಲ್ಲಿ ಚಲಿಸುವ ಭಾಗಗಳ ಸಂದಿಗೆ ಒಂದು ಸರಳ ಪರೀಕ್ಷೆ ಇದೆ: 5 ಮಿ.ಮೀ. ಕಡ್ಡಿ ತೂರಿದರೆ 12 ಮಿ.ಮೀ. ಕಡ್ಡಿಯೂ ತೂರಬೇಕು, ಇಲ್ಲದಿದ್ದರೆ ಎರಡೂ ತೂರಬಾರದು. ಆ ಬುದ್ಧಿ ಇಲ್ಲಿಗೂ ಹೊಂದುತ್ತದೆ. ಎಂಟನೇ ಪಟ್ಟಿ ಹಾಕಿದರೆ ಸಂದಿಯೇ ಇರುವುದಿಲ್ಲ.

ನವಾರು ಬಿಗಿಯುವ ಕ್ರಮವೂ ಸರಿಯಿಲ್ಲ. ಪಟ್ಟಿಯನ್ನು ಪೈಪುಗಳ ಮೇಲೆ ಬರೀ ಎಳೆದುಕೊಂಡು ಹೋಗಿ ಕೊನೆಯಲ್ಲಿ ಹೊಲಿದಿದ್ದಾರೆ. ಮಗು ನಡೆದ ಹಾಗೆಲ್ಲ ಸಡಿಲು ಜಾರುತ್ತಾ ಜಾರುತ್ತಾ ಒಂದೇ ಕಡೆ ಗುಡ್ಡೆಯಾಗುತ್ತದೆ, ಅಲ್ಲಿ ಮೊಣಕಾಲು ಕುಸಿಯುತ್ತದೆ. ಪ್ರತಿ ಪೈಪಿಗೂ ಪಟ್ಟಿಯನ್ನು ಒಂದು ಪೂರ್ತಿ ಸುತ್ತು ಹಾಕಿ ಮುಂದಕ್ಕೆ ಹೋಗಬೇಕು. ಆಗ ಒಂದು ಅಂಕಣದ ಸಡಿಲು ಇನ್ನೊಂದಕ್ಕೆ ದಾಟುವುದಿಲ್ಲ. ಲೆಕ್ಕ ಹೀಗಿದೆ: ಪೈಪಿಂದ ಪೈಪಿಗೆ ಒಟ್ಟು 295 ಸೆಂ.ಮೀ., ಹನ್ನೆರಡು ಸುತ್ತಿಗೆ 95, ತುದಿಗಳು ಒಂದರ ಮೇಲೊಂದು ಕೂರಲು 30. ಒಂದು ಪಟ್ಟಿಗೆ 4 ಮೀಟರ್ 20 ಸೆಂ.ಮೀ., ಎಂಟಕ್ಕೆ 34 ಮೀಟರ್. ತುದಿಯ ಹೊಲಿಗೆ ಚೌಕ ಹಾಕಿ ಒಳಗೆ ಗುಣಾಕಾರದ ಗುರುತಿನಂತೆ ಇರಲಿ, ದಾರವೂ ನೈಲಾನಿನದೇ ಆಗಲಿ. ಕತ್ತರಿಸಿದ ಅಂಚನ್ನು ಬೆಂಕಿಗೆ ಹಿಡಿದು ಸುಟ್ಟು ಮುಚ್ಚಬೇಕು. ಬಿಗಿ ಸರಿಯಿದೆಯೋ ನೋಡಲು 25 ಕೆ.ಜಿ. ಅಕ್ಕಿ ಚೀಲ ಇಟ್ಟು ನೋಡಿ. ಎರಡು ಪೈಪಿನ ನಡುವೆ 2 ಸೆಂ.ಮೀ.ಗಿಂತ ಹೆಚ್ಚು ಜೋತುಬಿದ್ದರೆ ಮತ್ತೆ ಎಳೆಯಬೇಕು.

ಯಾಕೆ ಈ 2 ಸೆಂ.ಮೀ. ಹಟ ಅಂದರೆ, ಗಾಲಿಯ ತಳಕ್ಕೂ ನೆಲಕ್ಕೂ ನಡುವೆ ಜಾಗವೇ ಇಲ್ಲ. ಅಡ್ಡಪೈಪುಗಳನ್ನು ರಿಂಗಿನ ಪೈಪಿನ ನಟ್ಟನಡುವೆ ಕೂರಿಸಿದ್ದಾರೆ. 50ರಲ್ಲಿ 25 ಕಳೆದು ಎರಡು ಪಾಲು ಮಾಡಿದರೆ ಪೈಪಿನ ಕೆಳಗೆ ಉಳಿಯುವುದು 12 ಮಿ.ಮೀ. ಮಾತ್ರ. ಅಂಗಳದಲ್ಲಿ ಒಂದು ಜಲ್ಲಿಕಲ್ಲು ಇದ್ದರೆ ನವಾರಿನ ಮೂಲಕ ಮೊಣಕಾಲಿಗೆ ಚುಚ್ಚುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೆರಳಿನ ಮಾತು. ಮಗು ಅಂಗೈ ಊರುವ ಬದಲು ಪೈಪನ್ನು ಮುಷ್ಟಿಯಲ್ಲಿ ಹಿಡಿಯಿತು ಅಂದುಕೊಳ್ಳಿ. ಗಾಲಿ ಮುಂದಕ್ಕೆ ಉರುಳಿ ಆ ಪೈಪ್ ತಳಕ್ಕೆ ಬಂದಾಗ ಬೆರಳುಗಳು ಪೈಪಿಗೂ ನೆಲಕ್ಕೂ ನಡುವೆ ಇರುತ್ತವೆ. ಗಟ್ಟಿ ಸಿಮೆಂಟ್ ನೆಲದಲ್ಲಿ ಎಳೆಯ ಬೆರಳು ಹೇಗೋ ತಪ್ಪಿಸಿಕೊಳ್ಳಬಹುದು. ರಿಂಗು ಒಂದಿಷ್ಟು ಇಳಿಯುವ ಮೆದು ಮಣ್ಣಿನಲ್ಲಿ, ಗರಸಿನಲ್ಲಿ ಆ 12 ಮಿ.ಮೀ. ಕೂಡ ಉಳಿಯುವುದಿಲ್ಲ. ಈ ಗಾಲಿಯ ಅತಿ ದೊಡ್ಡ ಕೊರತೆ ಇದೇ. ರಿಂಗಿನ ಕೂಡಿಗೆ ಕೊಟ್ಟ ಶ್ರದ್ಧೆಯ ಅರ್ಧ ಇದಕ್ಕೆ ಕೊಟ್ಟಿದ್ದರೂ ಸಾಕಿತ್ತು.

ಪರಿಹಾರ ಎರಡಿವೆ. ಅಗ್ಗದ್ದು: ನವಾರಿನ ಮೇಲೆ 10 ಮಿ.ಮೀ. ದಪ್ಪದ ಫೋಮ್ ಮ್ಯಾಟನ್ನು ಪೂರ್ತಿ ಸುತ್ತು ಹಾಸಿ, ಅಂಚಿಗೆ ಹುರಿ ತೂರಿಸುವ ಕಣ್ಣು (ಐಲೆಟ್) ಹೊಡೆಸಿ, ನವಾರಿಗೆ ಹುರಿಯಿಂದ ಬಿಗಿಯುವುದು. ಮ್ಯಾಟು ಒಳಗಿನ ಅಂಚಿಂದ ಅಂಚಿಗೆ ಪೂರ್ತಿ 40 ಸೆಂ.ಮೀ. ಮುಚ್ಚಬೇಕು. ಆಗ ಹಿಡಿಯಲು ಪೈಪೇ ಕೈಗೆ ಸಿಗುವುದಿಲ್ಲ, ಮಗು ತಾನಾಗಿ ಅಂಗೈ ಚಪ್ಪಟೆ ಊರುತ್ತದೆ. ಉದ್ದ 3 ಮೀಟರ್ ಮ್ಯಾಟು ಸಾಕು. ಒಗಟಿನ ತುಂಡುಗಳ ಹಾಗೆ ಜೋಡಿಸುವ ಚೌಕಗಳನ್ನು ತರಬೇಡಿ, ಬಾಗಿದ ಹಾಸಿನಲ್ಲಿ ಅವು ಬಿಟ್ಟುಕೊಳ್ಳುತ್ತವೆ. ದುಬಾರಿಯದ್ದು: ರಿಂಗಿಗೆ 63 ಮಿ.ಮೀ. ಪೈಪ್ ಹಾಕಿಸುವುದು. ತಳದ ಜಾಗ 19 ಮಿ.ಮೀ.ಗೆ ಏರುತ್ತದೆ. ಆದರೆ ಅಷ್ಟು ದಪ್ಪದ ಪೈಪನ್ನು 1 ಮೀಟರ್ ವ್ಯಾಸಕ್ಕೆ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ, ವ್ಯಾಸವನ್ನೂ ಹಿಗ್ಗಿಸಬೇಕು, ತೂಕವೂ ಏರುತ್ತದೆ. ಮನೆಬಳಕೆಗೆ ಮೊದಲನೆಯದೇ ಸಾಕು. ಶಾಲೆಗೆ ತರಿಸುವವರು ಎರಡನ್ನೂ ಮಾಡಿಸಲಿ.

ಅಗಲದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಿಂಗಿಂದ ರಿಂಗಿಗೆ ನಡುಗೆರೆ ಲೆಕ್ಕದಲ್ಲಿ 45 ಸೆಂ.ಮೀ. 20 ಕೆ.ಜಿ.ಯ ಮಗು ಅಂಬೆಗಾಲಿನಲ್ಲಿದ್ದರೆ ಗಾಲಿ ಸುಮಾರು 29 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಅದೇ ಮಗು ಒಳಗೆ ಬಗ್ಗಿಕೊಂಡು ಎದ್ದು ನಿಂತರೆ 23 ಡಿಗ್ರಿಗೇ ಮಗುಚುತ್ತದೆ. ಹೊರಗೆ ಯಾರೋ ಕರೆದರು ಅಂತ ಪಕ್ಕಕ್ಕೆ ಬಾಗಿದರೆ ಇನ್ನೂ ಬೇಗ. ಒಟ್ಟು ಅಗಲ 60 ಸೆಂ.ಮೀ. ಮಾಡಿಸಿದರೆ ಇವೇ ಅಂಕಿಗಳು 34 ಮತ್ತು 27 ಆಗುತ್ತವೆ, ಮೊಣಕೈ ಆಡಿಸಲು ಒಳಗೆ 50 ಸೆಂ.ಮೀ. ಜಾಗವೂ ಸಿಗುತ್ತದೆ. ಆರ್ಡರ್ ಕೊಡುವಾಗಲೇ 60 ಅಂತ ಹೇಳಿ. ಆಗ ನವಾರು 10 ಪಟ್ಟಿ ಬೇಕು, 42 ಮೀಟರ್. ಮ್ಯಾಟಿನ ಅಗಲವೂ 50.

ಅಡ್ಡಪೈಪುಗಳ ತುದಿಯನ್ನು ರಿಂಗಿನ ಉಬ್ಬಿಗೆ ಕೂರುವಂತೆ ಅರ್ಧಚಂದ್ರಾಕಾರದಲ್ಲಿ ಕತ್ತರಿಸಿದ್ದಾರೆ, ಅಂಚು ಉಜ್ಜಿ ನುಣುಪು ಮಾಡಿದ್ದಾರೆ. ಕೈಯಾಡಿಸಿದರೆ ಎಲ್ಲೂ ತರಚುವುದಿಲ್ಲ. ಬೋಲ್ಟುಗಳು 8 ಮಿ.ಮೀ.ನವು, ಹೊರಗಿಂದ ರಿಂಗಿನ ಮೂಲಕ ಹೋಗಿ ಪೈಪಿನೊಳಗೆ ವೆಲ್ಡ್ ಮಾಡಿದ ನಟ್ಟಿಗೆ ತಿರುಗುತ್ತವೆ. ಒಟ್ಟು 24. ಇಲ್ಲಿರುವ ತೊಂದರೆ ವೆಲ್ಡಿಂಗಿನದ್ದಲ್ಲ, ಪ್ಲಾಸ್ಟಿಕ್ಕಿನ ಗುಣದ್ದು. ಎಚ್‌ಡಿಪಿಇ ಒತ್ತಡಕ್ಕೆ ನಿಧಾನವಾಗಿ ಬಳುಕಿ ತೆಳ್ಳಗಾಗುತ್ತದೆ. ಇವತ್ತು ಬಿಗಿದ ಬೋಲ್ಟ್ ವಾರ ಕಳೆದರೆ ಯಾರೂ ಮುಟ್ಟದೆಯೂ ಸಡಿಲು. ಹಾಗಾಗಿ ಮೊದಲ ವಾರದ ಕೊನೆಗೆ ಒಮ್ಮೆ, ತಿಂಗಳಿಗೆ ಒಮ್ಮೆ 13 ನಂಬರ್ ಸ್ಪ್ಯಾನರ್ ಹಾಕಿ ಬಿಗಿಯಬೇಕು. ಇದನ್ನೇ ಖಾಯಂ ಆಗಿ ಸರಿಪಡಿಸಬೇಕೆಂದರೆ ರಿಂಗಿನ ತೂತಿನೊಳಗೆ ಪೈಪಿನ ಅಗಲಕ್ಕೆ ಸರಿಯಾಗಿ ಕೂರುವ ಕಬ್ಬಿಣದ ತೋಳು, ಅಂದರೆ ಬೋಲ್ಟ್ ತೂರುವ ಸಣ್ಣ ಕೊಳವೆ, ಹಾಕಿಸಿ. ಬೋಲ್ಟಿನ ಒತ್ತಡ ಆಗ ಕಬ್ಬಿಣದ ಮೇಲೆ ಬೀಳುತ್ತದೆ, ಪ್ಲಾಸ್ಟಿಕ್ ನಲುಗುವುದಿಲ್ಲ. ವಾಷರ್ 30 ಮಿ.ಮೀ.ನದ್ದು, ಅದರ ಮೇಲೆ ಸ್ಪ್ರಿಂಗ್ ವಾಷರ್. ಬೋಲ್ಟಿನ ತಲೆ ಗುಂಡಗಿರಲಿ, ಈಗಿರುವ ಆರು ಮೂಲೆಯ ತಲೆ ಪಕ್ಕದಲ್ಲಿ ಓಡುವ ಮಗುವಿನ ಕಾಲಿಗೆ ತಾಗುತ್ತದೆ.

ಬಣ್ಣದ ಬಗ್ಗೆ ಕೇಳದೆ ಬಿಡಬೇಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕಾರ್ಖಾನೆ ಕೆಲಸದ ಬಣ್ಣಗಳಿಗೆ ಅದು ಅನ್ವಯಿಸುವುದಿಲ್ಲ, ವರ್ಕ್‌ಶಾಪುಗಳಲ್ಲಿ ಇರುವುದು ಹೆಚ್ಚಾಗಿ ಅಂಥ ಬಣ್ಣವೇ. ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿರುವ ಮನೆಬಳಕೆಯ ಎನಾಮಲ್ ನೀವೇ ತಂದುಕೊಟ್ಟರೂ ಸರಿ. ಐಎಸ್‌ಐ ಗುರುತಿನ ವಿಷಯವೂ ಇದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಆ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪ್ರಮಾಣಪತ್ರ ಕಡ್ಡಾಯ. ಯಾಂತ್ರಿಕ ಸುರಕ್ಷತೆಗೆ ಐಎಸ್ 9873 ಅನ್ನುವ ಮಾನದಂಡದ 1ನೇ ಭಾಗ, ಮನೆಯಂಗಳದ ಜೋಕಾಲಿ, ಜಾರುಬಂಡೆಯಂಥ ಚಟುವಟಿಕೆ ಆಟಿಕೆಗಳಿಗೆ 4ನೇ ಭಾಗ. ಈ ಗಾಲಿಗೆ ಆ ಗುರುತು ಇನ್ನೂ ಬಂದಿಲ್ಲ. ಇಷ್ಟು ಒಳ್ಳೆಯ ರಿಂಗ್ ಮಾಡುವವರು ಒಳಹಾಸನ್ನು ಸರಿಮಾಡಿ ಪರೀಕ್ಷೆಗೆ ಕಳಿಸಲೇಬೇಕು. ಅದು ಆಗುವವರೆಗೆ ಅಂಗಡಿ ಅಂಗಡಿಗೆ ಇದು ಹೋಗುವುದು ಸರಿಯಲ್ಲ.

ಆಡಿಸುವ ನೆಲ ಎಲ್ಲಕ್ಕಿಂತ ದೊಡ್ಡ ಮಾತು. ದಾವಣಗೆರೆಯವರಿಗೆ ಸಮತಟ್ಟು ಜಾಗಕ್ಕೆ ಬರವಿಲ್ಲ, ಹೈಸ್ಕೂಲ್ ಮೈದಾನದಂಥ ಬಯಲಿದ್ದರೆ ಇದರ ಸುಖವೇ ಬೇರೆ. ಹುಲ್ಲು ಇದ್ದರೆ ಇನ್ನೂ ಚೆಂದ. ಎರೆಮಣ್ಣಿನಲ್ಲಿ ಮಾತ್ರ ಎರಡು ಕಾಲದಲ್ಲೂ ಬೇಡ: ಮಳೆ ಬಂದರೆ ರಿಂಗಿಗೆ ಮಣ್ಣು ಮೆತ್ತಿಕೊಂಡು ಸುತ್ತಳತೆಯೇ ಬದಲಾಗುತ್ತದೆ, ಬೇಸಿಗೆಯಲ್ಲಿ ಬಿರುಕಿನೊಳಗೆ ರಿಂಗ್ ಇಳಿದು ಗಾಲಿ ತಟ್ಟನೆ ನಿಲ್ಲುತ್ತದೆ, ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಪೈಪ್ ಮುಟ್ಟಲಾಗದಷ್ಟು ಕಾಯುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಆಡಿಸಿ.

ಚಿತ್ರದುರ್ಗದಿಂದ ಆರ್ಡರ್ ಕೊಡುವವರು ಎರಡು ಸಲ ಯೋಚಿಸಬೇಕು. ಕೋಟೆ ಬುಡದ ಏರಿಳಿತದ ಬೀದಿಗಳಲ್ಲಿ ಈ ಗಾಲಿಯನ್ನು ಇಳಿಸಲೇಬಾರದು. ಇಳಿಜಾರಿನಲ್ಲಿ ತಾನೇ ನಿಲ್ಲುವ ಗುಣ ಹೋಗುತ್ತದೆ. ಉದ್ದಕ್ಕೂ ಸೇರಿ 1 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಗಾಲಿಗೆ ಗಂಟೆಗೆ 11 ಕಿ.ಮೀ. ಹತ್ತಿರ ವೇಗ ಬರುತ್ತದೆ. ಅಂಬೆಗಾಲಿನ ಮಗುವಿಗೆ ಆ ವೇಗ ಹಿಡಿಯಲಾಗದು, ಹಾಸು ಅದನ್ನು ಮೇಲಕ್ಕೆ ಹೊತ್ತೊಯ್ದು ಕುತ್ತಿಗೆಯ ಮೇಲೆ ಕೆಡವುತ್ತದೆ. ಸಮತಟ್ಟು ನೆಲದಲ್ಲೂ ದೊಡ್ಡವರು ಹಿಂದಿನಿಂದ ದೂಡಿದರೆ ಆಗುವುದು ಇದೇ. ದೂಡಬಾರದು, ಅಣ್ಣ ಅಕ್ಕಂದಿರಿಗೂ ದೂಡಲು ಬಿಡಬಾರದು. ನೆಲ ಸಮ ಇದೆಯೋ ನೋಡಲು ಖಾಲಿ ಗಾಲಿಯನ್ನು ನಿಲ್ಲಿಸಿ ಕೈಬಿಡಿ. ತಾನಾಗಿ ಹೊರಟರೆ ಆ ಜಾಗ ಬೇಡ. ಒಂದು ಸಲಕ್ಕೆ ಒಂದೇ ಮಗು, ಎಷ್ಟೇ ‘ನಂದು ಪಾಳಿ, ನಂದು ಪಾಳಿ’ ಅಂತ ಜಗಳವಾದರೂ. ದುಪ್ಪಟ್ಟ, ಕೊರಳ ದಾರ, ಬಿಟ್ಟ ಜಡೆ ಇದ್ದರೆ ಕಟ್ಟಿ ಒಳಗೆ ಕಳಿಸಿ.

ಮಗು ಎಷ್ಟು ದಿನ ಆಡಬಹುದು ಅನ್ನುವುದಕ್ಕೆ ವಯಸ್ಸಿಗಿಂತ ಗೇಣಿನ ಅಳತೆ ವಾಸಿ. ಅಂಬೆಗಾಲಿನಲ್ಲಿದ್ದಾಗ ಬೆನ್ನಿಗೂ ಮೇಲಿನ ಹಾಸಿಗೂ ನಡುವೆ ನಿಮ್ಮ ಒಂದು ಗೇಣು ಉಳಿಯಬೇಕು. ಉಳಿಯದಿದ್ದರೆ ಗಾಲಿ ಆ ಮಗುವಿಗೆ ಚಿಕ್ಕದಾಯಿತು. ಕಪ್ಪು ಪೈಪಿನಲ್ಲಿ ಬಿಸಿಲು ತಡೆಯಲು ಕಾರ್ಬನ್ ಬೆರೆತಿರುವುದರಿಂದ ರಿಂಗು ಬೇಗ ಪುಡಿಯಾಗುವುದಿಲ್ಲ. ಮೊದಲು ಸೋಲುವುದು ನವಾರು, ಅದರಲ್ಲೂ ಪೈಪಿನ ಮೇಲೆ ತೀಡುವ ಜಾಗ. ಅಲ್ಲಿ ನೂಲು ಎದ್ದು ಬೂದಿ ಬಣ್ಣಕ್ಕೆ ತಿರುಗಿದ ಕೂಡಲೇ ಆ ಪಟ್ಟಿ ಬದಲಿಸಿ. 4 ಮೀಟರ್ 20 ಸೆಂ.ಮೀ. ನವಾರನ್ನು ಮೊದಲ ದಿನವೇ ಹೆಚ್ಚುವರಿ ಕೇಳಿ ಇಟ್ಟುಕೊಳ್ಳಿ, ಒಂದೇ ಅಗಲದ್ದು ಆಮೇಲೆ ಸಿಗದೇ ಹೋಗಬಹುದು.